ರೇಂಜ್ ಸಿಗುವ ತಿರುವಿನಲ್ಲಿ ನನ್ನ ಮೊದಲ ಪುಸ್ತಕ

ನನ್ನ ಮೊದಲ ಕಾದಂಬರಿಯನ್ನು ಅಚ್ಚು ಹಾಕಲು ಮೈಸೂರಿನ ಪ್ರಕಾಶಕರೊಬ್ಬರು ಒಪ್ಪಿದ ದಿನ ನಾನು ಒಂದು ರವಿಕೆಗೆ ಎರಡೂ ತೋಳು ಎಡಗೈಯದ್ದೇ ಹೊಲಿದುಬಿಟ್ಟೆ. ಭಾಗಮಂಡಲದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವುದು ನನ್ನ ಕೆಲಸ. ಕಾದಂಬರಿ ಬರೆದದ್ದು ಗಿರಾಕಿಗಳಿಗೆ "ನಾಳೆ ಕೊಡ್ತೇನೆ" ಎಂದು ಸುಳ್ಳು ಹೇಳಿ ಉಳಿಸಿಕೊಂಡ ಹೊತ್ತಿನಲ್ಲಿ. ಮೈಸೂರಿನವರಿಗಿಂತ ಮೊದಲು ಕೇಳಿದ ಪ್ರಕಾಶಕರಲ್ಲಿ ಹೆಚ್ಚಿನವರು ಉತ್ತರವನ್ನೇ ಕೊಟ್ಟಿರಲಿಲ್ಲ. ಒಬ್ಬರು ಮಾತ್ರ, ಕಾಫಿ ತೋಟದ ಪ್ರೇಮಕತೆ ಇದ್ದರೆ ಕಳಿಸಿ ಎಂದಿದ್ದರು. ಹಾಗಾಗಿ ಇವರು ಏನು ಹೇಳಿದರೂ ತಲೆಯಾಡಿಸುವುದೆಂದು ನಿರ್ಧರಿಸಿದ್ದೆ. ಪುಸ್ತಕ ಒಂದು ಹೊರಗೆ ಬಂದರೆ ಸಾಕಿತ್ತು.

ನಮ್ಮ ಮನೆ ಇರುವುದು ಇಳಿಜಾರಿನ ತಳದಲ್ಲಿ. ಅಲ್ಲಿ ಮೊಬೈಲು ಹೊತ್ತು ನೋಡಲಿಕ್ಕೆ ಮಾತ್ರ. ಮಾತಾಡಬೇಕಾದರೆ ಏದುಸಿರು ಬಿಡುತ್ತಾ ರಸ್ತೆಯ ತಿರುವಿನ ಮೋರಿ ಕಟ್ಟೆಗೆ ಹತ್ತಬೇಕು. ಸುತ್ತಲಿನ ಮನೆಗಳಿಗೆಲ್ಲ ರೇಂಜ್ ಸಿಗುವ ಜಾಗ ಅದೊಂದೇ. ಆ ಕಟ್ಟೆಗೆ ಒಂದು ಕಾನೂನು ಉಂಟು. ಪಕ್ಕದವರು ಫೋನಿನಲ್ಲಿ ಏನೇ ಮಾತಾಡಲಿ, ಕೇಳಿಸಿಕೊಳ್ಳಬಹುದು, ಬಾಯಿ ತೆರೆಯಬಾರದು. ಯಾರ ಮಗಳ ಸಂಬಂಧ ಮುರಿಯಿತು, ಯಾರಿಗೆ ಮೂಲವ್ಯಾಧಿ, ಎಲ್ಲ ಎಲ್ಲರಿಗೂ ಗೊತ್ತು. ಎದುರು ಸಿಕ್ಕರೆ ಮಾತ್ರ "ಕಾಫಿ ಆಯ್ತಾ?" ಎಂದಷ್ಟೇ ಕೇಳುತ್ತೇವೆ.

ಬೇಸಗೆಯಲ್ಲಿ ಅಚ್ಚಿನ ಕರಡು ಬಸ್ಸಿನಲ್ಲಿ ಬಂತು. ತಪ್ಪುಗಳನ್ನು ಗುರುತು ಮಾಡಿ ಫೋನಿನಲ್ಲೇ ಹೇಳಿಬಿಡಿ, ಬೇಗ ಆಗುತ್ತೆ ಎಂದರು ಪ್ರಕಾಶಕರು. ಸರಿ, ನಾನು ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಕಾದಂಬರಿಯನ್ನು ಕೂಗತೊಡಗಿದೆ. ಕೂಗದಿದ್ದರೆ ಆಚೆಯವರಿಗೆ ಕೇಳುತ್ತಿರಲಿಲ್ಲ. "ಅವನು ಅವಳ ಕೈ ಹಿಡಿದನು ಅಂತ ಇರುವಲ್ಲಿ ಪೂರ್ಣವಿರಾಮ ಹಾಕಿ ಸಾರ್!" ಎಂದು ನಾನು ಗಂಟಲು ಹರಿದುಕೊಂಡರೆ, ಅಲ್ಲೇ ಗಾಡಿ ನಿಲ್ಲಿಸಿಕೊಂಡಿರುತ್ತಿದ್ದ ಆಟೋದವನು ಗಂಭೀರವಾಗಿ ಆಕಾಶ ನೋಡುತ್ತಿದ್ದ. ಮೇಲಿನ ಮನೆಯ ದೊಡ್ಡಮ್ಮ ಮಡಿಕೇರಿಯಲ್ಲಿರುವ ಮಗಳೊಡನೆ ಮಾತಾಡಲು ಬರುತ್ತಿದ್ದರು. ಅವರ ಮಾತು ಬೇಗ ಮುಗಿಯುತ್ತಿತ್ತು, ಆದರೆ ಫೋನು ಕಿವಿಯಿಂದ ಇಳಿಯುತ್ತಿರಲಿಲ್ಲ. ನಡುವೆ ಒಂದು "ಹೂಂ" ಸಹ ಇಲ್ಲದ್ದನ್ನು ನೋಡಿ, ಅವರು ಕೇಳುತ್ತಿರುವುದು ಮಗಳನ್ನಲ್ಲ, ನನ್ನನ್ನು ಎಂದು ಗೊತ್ತಾಯಿತು. ಒಳಗೊಳಗೇ ಖುಷಿಯೂ ಆಯಿತು.

ಅತಿ ಹೆಚ್ಚು ತಪ್ಪುಗಳಿದ್ದದ್ದು ಅಣಬೆಯ ಅಧ್ಯಾಯದಲ್ಲಿ. ಹಾಗಾಗಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಓದಬೇಕಾಯಿತು. ಅದರಲ್ಲಿ ನಡೆಯುವುದು ಇಷ್ಟೇ: ಹೊಸ ಸೊಸೆಯೊಬ್ಬಳಿಗೆ ತೋಟದ ಹುತ್ತದ ಪಕ್ಕ ಅಣಬೆ ಕಾಣುತ್ತದೆ. ಮನೆಗೆ ತಂದರೆ ಹಂಚಿ ಹಂಚಿ ಕೊನೆಗೆ ಅವಳ ತಟ್ಟೆಗೆ ಬರುವುದು ಬರೀ ರಸ. ಅವತ್ತು ಮನೆಯವರೆಲ್ಲ ನೆಂಟರ ಮನೆಗೆ ಹೋಗಿದ್ದಾರೆ. ಅವಳು ಅಣಬೆಯನ್ನು ಕೆಂಡದಲ್ಲಿ ಸುಟ್ಟು, ಉಪ್ಪು, ಗಾಂಧಾರಿ ಮೆಣಸು ಸವರಿ, ಅಷ್ಟನ್ನೂ ಒಬ್ಬಳೇ ತಿನ್ನುತ್ತಾಳೆ.

ಓದಿ ಮುಗಿಸಿದಾಗ ಪ್ರಕಾಶಕರು, "ಮೇಡಂ, ಇದರಲ್ಲಿ ಕತೆ ಮುಂದಕ್ಕೇ ಹೋಗಲ್ಲವಲ್ಲ. ಇಡೀ ಅಧ್ಯಾಯ ತೆಗೆದುಬಿಡೋಣ, ಪುಟಾನೂ ಉಳಿಯುತ್ತೆ" ಎಂದರು.

ನನಗೆ ತುಂಬಾ ಇಷ್ಟವಾದ ಅಧ್ಯಾಯ ಅದು. ಆದರೂ, "ಆಗಲಿ ಸಾರ್, ಅದನ್ನು ತೆಗೆದುಬಿಡಿ" ಎಂದೆ.

ಫೋನು ಇಟ್ಟದ್ದೇ ತಡ, ಪಕ್ಕದಿಂದ ದನಿ ಬಂತು. "ತೆಗೀಬೇಡ."

"ಫೋನಲ್ಲಿ ಹೇಳಿದ್ದಾ ದೊಡ್ಡಮ್ಮ?"

"ಫೋನ್ ಎಂತ ಫೋನ್! ನಿಂಗೇ ಹೇಳಿದ್ದು. ಆ ಅಣಬೆದ್ದು ತೆಗೀಬೇಡ."

ಕಟ್ಟೆಯ ಕಾನೂನು ಮುರಿದಿತ್ತು. ಆಟೋದವನು ಆಕಾಶ ನೋಡುವುದನ್ನು ಬಿಟ್ಟು ನಮ್ಮನ್ನು ನೋಡಿದ.

"ಅದರಲ್ಲಿ ಕತೆ ಇಲ್ಲಾಂತ ಹೇಳ್ತಾರೆ ದೊಡ್ಡಮ್ಮ."

"ಅವರಿಗೆ ಎಂತ ಗೊತ್ತುಂಟು? ನಾನು ತಿಂದದ್ದುಂಟು ಹಾಂಗೆ. ಮದುವೆ ಆಗಿ ಬಂದ ವರ್ಷ. ಅಣಬೆ ಅಲ್ಲ, ಏಡಿ. ಹಿತ್ತಲಲ್ಲಿ ಸುಟ್ಟು ತಿಂದು, ಚಿಪ್ಪು ಪೂರಾ ಬೂದಿಲಿ ಹೂತು ಹಾಕಿದ್ದೆ. ಇಷ್ಟು ವರ್ಷ ಯಾರ ಹತ್ರವೂ ಹೇಳ್ಲಿಲ್ಲೆ. ನೀನು ಓದುವಾಗ, ನಾನೊಬ್ಬಳೇ ಕಳ್ಳಿ ಅಲ್ಲ ಅಂತ ಆಯ್ತು ನಂಗೆ." ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ನಂಗೆ ಎಂತದೂ ಕೇಳ್ಲಿಲ್ಲ ದೊಡ್ಡಮ್ಮ" ಎಂದ ಆಟೋದವನು, ಕಾನೂನಿಗೆ ತನ್ನಿಂದಾದ ಮರ್ಯಾದೆ ಕೊಡುತ್ತಾ.

ಪುಸ್ತಕ ಇನ್ನೂ ಅಚ್ಚೇ ಆಗಿಲ್ಲ, ಆಗಲೇ ಒಬ್ಬರು ಓದುಗರು ಸಿಕ್ಕಿದ್ದರು, ಅದೂ ಇಂಥವರು. ಮತ್ತೆ ಫೋನು ಮಾಡಿದೆ.

"ಸಾರ್, ಅಣಬೆ ಇರಲಿ."

"ಈಗಷ್ಟೇ ಆಗಲಿ ಅಂದ್ರಲ್ಲ ಮೇಡಂ?"

"ಅದು ಇಲ್ಲದಿದ್ದರೆ ನನಗೆ ಪುಸ್ತಕವೇ ಬೇಡ ಸಾರ್."

ಮಾತು ಬಾಯಿಂದ ಜಾರಿಹೋಯಿತು, ಬೆನ್ನಿಗೇ ರೇಂಜೂ ಹೋಯಿತು. ಅವರು ಸರಿ ಎಂದರೋ, ಹಾಗಾದರೆ ಬೇಡ ಬಿಡಿ ಎಂದರೋ ತಿಳಿಯಲಿಲ್ಲ. ಕತ್ತಲಾಗುವವರೆಗೆ ಫೋನನ್ನು ಎತ್ತಿ ಹಿಡಿದು ಕಟ್ಟೆಯ ಉದ್ದಕ್ಕೂ ನಡೆದೆ, ರೇಂಜಿನ ಒಂದು ಗೀಟೂ ಬರಲಿಲ್ಲ. ಮನೆಯಲ್ಲಿ ಊಟ ಸೇರಲಿಲ್ಲ. "ಹೋದರೆ ಹೋಗಲಿ, ಹೊಲೀಲಿಕ್ಕೆ ರವಿಕೆ ಉಂಟಲ್ಲ" ಎಂದು ಗಂಡ ಸಮಾಧಾನ ಹೇಳಿದರು. ಸಮಾಧಾನ ಹೇಳುವುದು ಅವರಿಗೆ ಯಾವತ್ತೂ ಬಂದದ್ದಲ್ಲ.

ಬೆಳಿಗ್ಗೆ ನಾನು ಕಟ್ಟೆ ಮುಟ್ಟುವುದಕ್ಕೂ ಪ್ರಕಾಶಕರ ಫೋನು ಬರುವುದಕ್ಕೂ ಸರಿಹೋಯಿತು.

"ನೀವು ಅಷ್ಟು ಹಟ ಮಾಡಿದಿರಿ ಅಂತ, ಆ ಅಧ್ಯಾಯಾನ ನಮ್ಮ ಮನೆಯವಳಿಗೆ ಓದಿ ಹೇಳಿದೆ ಮೇಡಂ."

"ಏನಂದ್ರು ಸಾರ್?"

"ನಕ್ಕಳು ಅಷ್ಟೇ. ಯಾಕೆ ನಗ್ತೀಯ ಅಂದ್ರೆ ಅಡುಗೆಮನೆಗೆ ಎದ್ದುಹೋದಳು." ಆಮೇಲೆ, "ಇರಲಿ ಬಿಡಿ, ಅಣಬೆ ಇರಲಿ" ಎಂದರು.

ಮಳೆ ಹಿಡಿದ ಮೇಲೆ ಪುಸ್ತಕದ ಕಟ್ಟು ಬಂತು. ಮೊದಲ ಪ್ರತಿಯನ್ನು ಸೆರಗಿನಲ್ಲಿ ಸುತ್ತಿ, ಕೊಡೆ ಹಿಡಿದು ಕಟ್ಟೆಗೆ ಓಡಿದೆ. ದೊಡ್ಡಮ್ಮ ಚೀಲ ಹಿಡಿದು ಮಡಿಕೇರಿ ಬಸ್ಸಿಗೆ ಕಾಯುತ್ತಿದ್ದರು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಒಮ್ಮೆ ಸವರಿ, ನನ್ನ ಕೈಗೇ ವಾಪಸ್ಸು ಕೊಟ್ಟರು.

"ನಂಗೆಂತಕ್ಕೆ? ನಂಗೆ ಕತೆ ಗೊತ್ತುಂಟು. ನನ್ನ ಸೊಸೆಗೆ ಕೊಡು."

ಅಷ್ಟರಲ್ಲಿ ಬಸ್ಸು ಬಂತು. ದೊಡ್ಡಮ್ಮ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ತಿರುಗಿದರು.

"ಮತ್ತೆ, ನಮ್ಮ ಕೆಳಗಿನ ಬೇಲಿ ಹತ್ರ ಅಣಬೆ ಎದ್ದುಂಟು, ಅವಳಿಗೆ ಹೇಳು. ಮನೇಲಿ ಬೇರೆ ಯಾರಿಗೂ ಗೊತ್ತಿಲ್ಲೆ. ನಾನು ನಾಳೆ ಸಂಜೆವರೆಗೆ ಬರೂದಿಲ್ಲ ಅಂತಲೂ ಹೇಳು."