ಬೂದುಗುಂಬಳವೂ ಕ್ಲೌಡೂ

ಪ್ರಶ್ನಾವಳಿ ತುಂಬುವುದರಲ್ಲಿ ನನ್ನಷ್ಟು ಚುರುಕಿನ ಮನುಷ್ಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಎರಡು ವರ್ಷದ ಹಿಂದೆ ಸಂಶೋಧನೆ ಮಾಡುವ ಹುಡುಗನೊಬ್ಬ ನಮ್ಮ ಕಾಲೇಜಿಗೆ ಬಂದು, 'ವಿಶ್ವವಿದ್ಯಾಲಯಗಳಲ್ಲಿ ಕ್ಲೌಡ್ ಕಂಪ್ಯೂಟಿಂಗ್ ಅಳವಡಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು' ಎಂಬ ತಲೆಬರಹದ ಎಂಟು ಹಾಳೆ ನನ್ನ ಮುಂದಿಟ್ಟ. ಪ್ರತಿ ಪ್ರಶ್ನೆಯ ಎದುರಿಗೂ ಐದು ಚೌಕ, ಪೂರ್ಣ ಒಪ್ಪಿಗೆಯಿಂದ ಹಿಡಿದು ಕಡು ವಿರೋಧದವರೆಗೆ. ನಾನು ಓದುವ ಗೋಜಿಗೆ ಹೋಗದೆ, ಕಡು ವಿರೋಧದ ಚೌಕಗಳ ಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆದು, ಸಹಿ ಹಾಕಿ ಕೊಟ್ಟೆ. ಪಾಪ, ಆ ಹುಡುಗ ಅದಕ್ಕೂ ಥ್ಯಾಂಕ್ಸ್ ಹೇಳಿ ಹೋದ. ಈಗ ಅದೇ ಪ್ರಶ್ನಾವಳಿ ಮತ್ತೆ ನನ್ನ ಮೇಜಿಗೆ ಬಂದಿದೆ. ಆ ಹುಡುಗನ ಮಾರ್ಗದರ್ಶಕರು ಇನ್ನೊಂದು ಸಲ ಕೇಳಿಕೊಂಡು ಬಾ ಎಂದರಂತೆ. ಈ ಬಾರಿ ಒಂದೊಂದು ಪ್ರಶ್ನೆಯನ್ನೂ ಎರಡೆರಡು ಸಲ ಓದುತ್ತಿದ್ದೇನೆ. ನಡುವೆ ಏನಾಯಿತೆಂದು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಇತಿಹಾಸದ ಮೇಷ್ಟ್ರು. ಹುಟ್ಟೂರು ಮಧುವನಹಳ್ಳಿ. ನನ್ನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು, ಒಂದು ಹಳೆಯ ಕಂಪ್ಯೂಟರು, ಬಾಗಿಲಿಗೆ ಅಂಗೈಯಗಲದ ಬೀಗ. ಬೀಗದ ಕೈ ನನ್ನ ಉಡುದಾರದಲ್ಲಿ. ಯಾವುದೇ ವಸ್ತು ಕಣ್ಣಿಗೆ ಕಾಣುವಂತಿರಬೇಕು, ಕೈಗೆ ಸಿಗುವಂತಿರಬೇಕು, ಬೀಗ ಹಾಕುವಂತಿರಬೇಕು ಎನ್ನುವುದು ನನ್ನ ಸಿದ್ಧಾಂತ. ಕಂಪ್ಯೂಟರ್ ವಿಭಾಗದ ಶೋಭಾ ಮೇಡಂ ಸಿಕ್ಕಾಗಲೆಲ್ಲ, "ಸಾರ್, ನಿಮ್ಮ ಫೈಲುಗಳನ್ನೆಲ್ಲ ಕ್ಲೌಡಿಗೆ ಹಾಕಿಕೊಡ್ತೀನಿ, ಅರ್ಧ ಗಂಟೆ ಸಾಕು" ಎನ್ನುತ್ತಿದ್ದರು. ಅದು ಇರುವುದೆಲ್ಲಿ, ಅದರ ವಾಚ್‌ಮನ್ ಯಾರು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಹಾಗೆಂದು ನಾನು ಮುನ್ನೆಚ್ಚರಿಕೆ ಇಲ್ಲದವನೇನಲ್ಲ. ಪ್ರತಿ ಫೈಲಿಗೂ ಒಂದು ನಕಲು ಪ್ರತಿ ಇಟ್ಟಿದ್ದೆ. ಎಲ್ಲಿ ಅಂದಿರಾ? ಅದೇ ಕಂಪ್ಯೂಟರಿನಲ್ಲಿ, 'ನಕಲು' ಎಂಬ ಹೆಸರಿನ ಇನ್ನೊಂದು ಫೋಲ್ಡರಿನಲ್ಲಿ.

ಆ ವರ್ಷ ಕೊನೆಯ ವರ್ಷದ ಹದಿನೆಂಟು ಮಕ್ಕಳು ಇತಿಹಾಸದಲ್ಲಿ ಪ್ರಾಜೆಕ್ಟ್ ಬರೆಯುತ್ತಿದ್ದರು. ಅವರಲ್ಲಿ ಮಾದೇವಿ ಎಂಬ ಹುಡುಗಿ ಹನೂರಿನಾಚೆ ಕಾಡಂಚಿನ ಹೂಗ್ಯಂನಿಂದ ಬರುತ್ತಿದ್ದಳು. ಅವಳ ವಿಷಯ, ಹೊಲಗಳ ಹೆಸರು. ನಮ್ಮ ಕಡೆ ಪ್ರತಿ ಹೊಲಕ್ಕೂ ಒಂದು ಹೆಸರಿರುತ್ತದೆ, ಪ್ರತಿ ಹೆಸರಿಗೂ ಒಂದು ಕಥೆ ಇರುತ್ತದೆ, ಎರಡೂ ಸರ್ಕಾರದ ಪಹಣಿಯಲ್ಲಿ ಇರುವುದಿಲ್ಲ. ಅವಳು ಒಂದು ವರ್ಷ ಊರೂರು ತಿರುಗಿ, ಕನ್ನಡ ಮಾತಾಡುವ ಅಜ್ಜಂದಿರನ್ನೂ ತಮಿಳು ಬೆರೆಸಿ ಮಾತಾಡುವ ಅಜ್ಜಿಯರನ್ನೂ ಮಾತಾಡಿಸಿ, ಎಲ್ಲರ ದನಿಯನ್ನೂ ಫೋನಿನಲ್ಲಿ ಹಿಡಿದಿದ್ದಳು. ಪೊನ್ನಮ್ಮಜ್ಜಿ ಎಂಬಾಕೆ ಒಬ್ಬಳೇ ಒಂದು ಮಧ್ಯಾಹ್ನವಿಡೀ ಹೇಳಿದ್ದಳು. ಶ್ರಾವಣದಲ್ಲಿ ಆ ಅಜ್ಜಿ ತೀರಿಕೊಂಡಳು. ದಸರಾ ರಜೆ ಮುಗಿದ ವಾರವೇ ದನಿಮುದ್ರಣ ಸಮೇತ ಪ್ರಾಜೆಕ್ಟ್ ಒಪ್ಪಿಸಬೇಕು. ಒಪ್ಪಿಸದಿದ್ದರೆ ಒಂದು ವರ್ಷ ಹೋಯಿತು, ಎಂ.ಎ. ಸೀಟೂ ಕೈಬಿಟ್ಟಿತು. ನಾನು ಎಲ್ಲರಿಗೂ ಅಪ್ಪಣೆ ಮಾಡಿದೆ: ಎಲ್ಲ ನನ್ನ ಕಂಪ್ಯೂಟರಿಗೆ ತಂದು ಹಾಕಿ, ನಿಮ್ಮ ಫೋನಿನಿಂದ ಅಳಿಸಿ, ಫೋನು ಕಳೆದುಹೋಗುವ ವಸ್ತು. ಮಾದೇವಿ ನನ್ನ ಎದುರಿಗೇ ಒಂದೊಂದಾಗಿ ಅಳಿಸಿದಳು. ನಾನು ತೃಪ್ತಿಯಿಂದ ತಲೆಯಾಡಿಸಿದೆ.

ಬಂತು ನೋಡಿ ಆಯುಧಪೂಜೆ. ರಜೆಗೆ ಮುಂಚಿನ ದಿನ ಕಾಲೇಜಿನ ಯಂತ್ರಗಳಿಗೆಲ್ಲ ಪೂಜೆ ಮಾಡುವುದು ನಮ್ಮಲ್ಲಿ ವಾಡಿಕೆ. ಪ್ರಯೋಗಾಲಯದ ತಕ್ಕಡಿಯಿಂದ ಹಿಡಿದು ಕಚೇರಿಯ ಸ್ಟೇಪ್ಲರಿನವರೆಗೆ ಎಲ್ಲಕ್ಕೂ ವಿಭೂತಿ ಪಟ್ಟೆ, ಚೆಂಡುಹೂವು. ಪೂಜೆ ಮಾಡುವವನು ಅಟೆಂಡರ್ ಸಿದ್ದಪ್ಪಣ್ಣ, ಯಳಂದೂರು ಕಡೆಯ ಅಗರದವನು, ಈ ಕೆಲಸದಲ್ಲಿ ಪಳಗಿದ ಕೈ. ಅವನು ಬೂದುಗುಂಬಳಕ್ಕೆ ಕುಂಕುಮ ತುಂಬಿ, ನೀರು ಬೆರೆಸಿ, ಮೇಲೆ ಕರ್ಪೂರ ಹಚ್ಚಿ ನನ್ನ ಕಂಪ್ಯೂಟರಿಗೆ ನಿವಾಳಿಸಿದ. ಒಡೆಯಲು ಹೊರಗೆ ಹೊರಟವನನ್ನು ನಾನು ತಡೆದೆ. ಟ್ರ್ಯಾಕ್ಟರಿಗೆ ಪೂಜೆ ಮಾಡುವಾಗ ಇಂಜಿನ್ ಚಾಲೂ ಇಟ್ಟು ಅದರ ಎದುರಿಗೇ ಒಡೆಯುವುದಿಲ್ಲವೇ? ಕಂಪ್ಯೂಟರಿಗೆ ಯಾಕೆ ಬೇರೆ ನ್ಯಾಯ?

"ಬ್ಯಾಡಿ ಸಾ, ಒಳಗ ಒಡದ್ರ ಸಿಡೀತದ" ಎಂದ ಸಿದ್ದಪ್ಪಣ್ಣ.

"ತಕೊಂಡ್ಬಾ ಇಲ್ಲಿ" ಎಂದು ಕಾಯಿಯನ್ನು ನಾನೇ ಕಿತ್ತುಕೊಂಡೆ. ಕಂಪ್ಯೂಟರನ್ನು ಚಾಲೂ ಮಾಡಿಸಿದೆ. ಇನ್ನೊಂದು ವಿಷಯ ಹೇಳಬೇಕು. ಬೇಸಿಗೆಯಲ್ಲಿ ಬಿಸಿಯಾಗುತ್ತದೆಂದು ನೆಲದ ಮೇಲಿದ್ದ ಸಿಪಿಯುವಿನ ಪಕ್ಕದ ತಗಡನ್ನು ಬಿಚ್ಚಿಟ್ಟವನೂ ನಾನೇ. ಎರಡೂ ಕೈ ಎತ್ತಿ ಹೊಸ್ತಿಲಿನ ಒಳಗೇ ಅಪ್ಪಳಿಸಿದೆ. ಕುಂಕುಮದ ನೀರು ಓಕುಳಿಯ ಹಾಗೆ ಹಾರಿ, ಅರ್ಧ ನನ್ನ ಬಿಳಿ ಪಂಚೆಗೆ, ಅರ್ಧ ಆ ತೆರೆದ ಹೊಟ್ಟೆಯೊಳಕ್ಕೆ ಹೋಯಿತು. ಚಟ್ ಎಂದಿತು. ಹೊಗೆ ಬಂತು. ಸಾಂಬ್ರಾಣಿಯ ಹೊಗೆ ಎಂದುಕೊಂಡು ಇಬ್ಬರು ಸಹೋದ್ಯೋಗಿಗಳು ಕೈಮುಗಿದರು.

ರಿಪೇರಿಯವನು ಬಂದು ಬಗ್ಗಿ ನೋಡಿ, ಮೂಸಿ ನೋಡಿ, "ಆರ್ಡ್ ಡಿಸ್ಕೇ ಸುಟ್ಟೋಗದ ಸಾ, ಏನೂ ಸಿಕ್ಕಲ್ಲ" ಎಂದ. ಅಸಲೂ ಹೋಯಿತು, ಅದರ ಮಗ್ಗುಲಲ್ಲೇ ಮಲಗಿದ್ದ ನಕಲೂ ಹೋಯಿತು. ಹದಿನೆಂಟು ಮಕ್ಕಳ ಕೆಲಸ, ಪೊನ್ನಮ್ಮಜ್ಜಿಯ ದನಿ. ಹಬ್ಬದ ಹೋಳಿಗೆ ನನಗೆ ಸೇರಲಿಲ್ಲ. ಬೇರೆಯವರ ಮಕ್ಕಳ ಒಂದು ವರ್ಷವನ್ನು ಒಂದು ಕುಂಬಳಕಾಯಿಗೆ ತೆತ್ತ ಮೇಷ್ಟ್ರು ಇನ್ನೆಲ್ಲಾದರೂ ಇದ್ದಾನೆಯೇ ಎಂದು ಯೋಚಿಸಿದೆ. ನಾಚಿಕೆಯಾಯಿತು, ಭಯವೂ ಆಯಿತು.

ಯೋಚಿಸಿದಷ್ಟೂ ನನ್ನ ಪಾಠವೇ ನನ್ನನ್ನು ಅಣಕಿಸತೊಡಗಿತು. ಹಳೆಯ ಕಾಲದಲ್ಲಿ ರಾಜ ಭೂಮಿ ದಾನ ಕೊಟ್ಟರೆ ತಾಮ್ರದ ತಗಡಿನಲ್ಲಿ ಬರೆಸಿ ಪಡೆದವನ ಕೈಗೆ ಕೊಡುತ್ತಿದ್ದುದುಂಟು, ಅದನ್ನೇ ಕಲ್ಲಿನಲ್ಲೂ ಕೆತ್ತಿಸಿ ಬೇರೆ ಕಡೆ ನಿಲ್ಲಿಸುತ್ತಿದ್ದುದೂ ಉಂಟು. ಒಂದು ಹೋದರೆ ಇನ್ನೊಂದಿರಲಿ ಎಂದು. ಪ್ರತಿ ವರ್ಷ ಇದನ್ನು ಕೈ ಬೀಸಿ ಬೀಸಿ ಪಾಠ ಮಾಡುವವನು ನಾನು. ಆ ರಾಜರಲ್ಲಿ ಯಾರೂ ಕಲ್ಲನ್ನೂ ತಾಮ್ರವನ್ನೂ ಒಂದೇ ಬೀರುವಿನಲ್ಲಿಟ್ಟು ಬೀಗದ ಕೈ ಉಡುದಾರಕ್ಕೆ ಕಟ್ಟಿಕೊಂಡಿರಲಿಲ್ಲ.

ರಜೆ ಮುಗಿದ ಬೆಳಗ್ಗೆ ಮಕ್ಕಳನ್ನೆಲ್ಲ ಕಂಪ್ಯೂಟರ್ ಲ್ಯಾಬಿಗೆ ಕರೆಸಿದೆ. ಶೋಭಾ ಮೇಡಂ ಇದ್ದರು, ಸಿದ್ದಪ್ಪಣ್ಣ ಬಾಗಿಲಲ್ಲಿ ನಿಂತಿದ್ದ. ನಡೆದದ್ದನ್ನೆಲ್ಲ ಹೇಳಿ, "ತಪ್ಪು ನನ್ನದು, ಕ್ಷಮಿಸಿ" ಎಂದೆ. ಮಕ್ಕಳು ಅಳುತ್ತಾರೆ ಎಂದುಕೊಂಡಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ಎಲ್ಲರೂ ಮಾದೇವಿಯ ಕಡೆ ನೋಡಿದರು.

ಅವಳು ಎದ್ದು ನಿಂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, "ಬೈಬ್ಯಾಡಿ ಸಾ" ಎಂದಳು. "ಎಲ್ಲಾನೂವೆ ಕ್ಲೌಡ್‌ಗೆ ಆಕಿವ್ನಿ."

"ಯಾವಾಗ?"

"ಅಳ್ಸಕ್ಕೂ ಮುಂಚೆಯೇಯ. ನಮ್ಮೂರಲ್ಲಿ ನೆಟ್ಟು ಸಿಕ್ಕಲ್ಲ ಸಾ. ಬಸ್ಸು ಅನೂರ ಅತ್ರ ಬಂದಾಗ ಸಿಕ್ತದ. ಕಿಟ್ಕಿ ಪಕ್ಕ ಕೂತ್ಕಂಡು ನಾನು ದಿನುಕ್ಕ ಎಲ್ಡು ಮೂರು ಆಡಿಯೋ ಕಳುಸ್ತಿದ್ದಿ. ಶೋಭಾ ಮೇಡಮ್ಮೇ ಏಳ್ಕೊಟ್ಟಿದ್ರು. ಆಮೇಲ ಇವ್ರೆಲ್ಲ 'ನಂದೂ ಆಕಮ್ಮಿ' ಅಂದ್ರು. ಅವ್ರದ್ನೂ ನಾನೇ ಆಕ್ದಿ."

ಅಂದರೆ ಇಡೀ ತರಗತಿ ನನ್ನ ಬೆನ್ನ ಹಿಂದೆ ಹೂಗ್ಯಂ ಬಸ್ಸಿನ ಕಿಟಕಿಯಿಂದ ಕ್ಲೌಡು ಸೇರಿಯಾಗಿತ್ತು. ಹೊರಗೆ ಉಳಿದವನು ನಾನೊಬ್ಬನೇ. ನಿಜ ಹೇಳಬೇಕೆಂದರೆ ನಾನೂ ಉಳಿದಿರಲಿಲ್ಲ. ನನ್ನ ಪಾಠದ ಟಿಪ್ಪಣಿಗಳನ್ನು ಕೂಡ, ಪರೀಕ್ಷೆಗೆ ಬೇಕಾಗುತ್ತದೆಂದು, ಫೋಟೋ ತೆಗೆದು ಹಾಕಿಟ್ಟಿದ್ದಳು.

ಅವಳು ಲ್ಯಾಬಿನ ಕಂಪ್ಯೂಟರಿನ ಮುಂದೆ ಕುಳಿತು ಗುಪ್ತಪದ ಒತ್ತಿದಳು. ಹದಿನೆಂಟು ಹೆಸರು ಸಾಲಾಗಿ ಕಂಡವು. ಅವಳು ಒಂದನ್ನು ಮುಟ್ಟಿದಳು. ಮೊದಲು ಒಂದು ಕೋಳಿ ಕೂಗಿತು, ಯಾರೋ ಕೆಮ್ಮಿದರು, ಆಮೇಲೆ ಪೊನ್ನಮ್ಮಜ್ಜಿ ಮಾತಾಡಿದಳು: "ಅದು ಪುಳಿಯಮರದ ಒಲ ಕನವ್ವ. ಉಣಸೇಮರ ಓಗಿ ನಲ್ವತ್ತೊರ್ಸ ಆಯ್ತು. ಎಸ್ರು ಮಾತ್ರ ಅಲ್ಲೇ ನಿಂತದ."

ಮಕ್ಕಳು ಮೇಜು ಬಡಿದು ಕೇಕೆ ಹಾಕಿದರು. ಶೋಭಾ ಮೇಡಂ ಚಪ್ಪಾಳೆ ತಟ್ಟಿದರು. ನಾನು ಕನ್ನಡಕ ತೆಗೆದು ಒರೆಸಿದೆ, ಹಾಕಿಕೊಂಡೆ, ಮತ್ತೆ ತೆಗೆದು ಒರೆಸಿದೆ. ಇಷ್ಟು ವರ್ಷದ ಮೇಷ್ಟ್ರುಗಿರಿಯಲ್ಲಿ ಇಷ್ಟು ದೊಡ್ಡ ಸೋಲನ್ನೂ, ಇಷ್ಟು ದೊಡ್ಡ ಸಂತೋಷವನ್ನೂ ನಾನು ಒಂದೇ ಬೆಳಗ್ಗೆ ಕಂಡಿರಲಿಲ್ಲ. ಆ ವಾರವೇ ಹದಿನೆಂಟು ಪ್ರಾಜೆಕ್ಟುಗಳನ್ನೂ ಒಪ್ಪಿಸಿದ್ದಾಯಿತು. ಮಾದೇವಿಯದು ಎಲ್ಲಕ್ಕಿಂತ ಮೇಲೆ ನಿಂತಿತು. ಎಂ.ಎ. ಸೀಟು ಸಿಕ್ಕ ದಿನ ಅವಳು ಹಂಚಿದ ಮೈಸೂರುಪಾಕಿನಲ್ಲಿ ನಾನು ನಾಚಿಕೆ ಬಿಟ್ಟು ಎರಡು ತುಂಡು ತಿಂದೆ.

ಎಲ್ಲ ಮುಗಿದ ಮೇಲೂ ನನಗೊಂದು ಅನುಮಾನ ಉಳಿದಿತ್ತು. ಯಾರದೋ ಜಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ನಮ್ಮ ವಸ್ತು ಇಟ್ಟು ನೆಮ್ಮದಿಯಾಗಿರುವುದು ಹೇಗೆ? ಅದನ್ನು ಬಗೆಹರಿಸಿದವನು ಸಿದ್ದಪ್ಪಣ್ಣ.

"ಇದೇನ್ ಒಸದಾ ಸಾ? ನಮ್ಮಪ್ಪ ರಾಗಿಯ ಮನೇಲಿ ಮಡಗ್ತಿದ್ನಾ? ಊರ ಮುಂದಲ ಅಗೇವುಲಿ ಸುರ್ದು ಮಣ್ಣು ಮುಚ್ಬುಡೋನು. ಮೇಲ ಯಾರ್ದೋ ಗಾಡಿ, ಯಾರ್ದೋ ದನ. ಬೀಗಾನೂ ಇಲ್ಲ, ಏನೂ ಇಲ್ಲ. ಮನ ಬೆಂದೋದ್ರೂ ರಾಗಿ ಉಳೀತಿತ್ತು."

ಹಗೇವು! ಮಧುವನಹಳ್ಳಿಯಲ್ಲೂ ಇದ್ದವು, ನೆಲದೊಳಗೆ ಮಡಕೆಯಾಕಾರದಲ್ಲಿ ತೋಡಿದ ರಾಗಿಯ ಗುಂಡಿಗಳು. ಅವುಗಳ ಮೇಲೆಯೇ ನಾನು ಗೋಲಿ ಆಡಿ ಬೆಳೆದದ್ದು. ವರ್ಷಗಟ್ಟಲೆ ಕೆಡದ ರಾಗಿ ನನ್ನ ಕಾಲ ಕೆಳಗೇ ಇತ್ತು. ಊರಿನ ನೆಲವನ್ನು ನಂಬಿದ ಮನೆತನದಲ್ಲಿ ಹುಟ್ಟಿ ಕಬ್ಬಿಣದ ಬೀರುವನ್ನು ನಂಬಿದ್ದು ನನ್ನ ಹೆಚ್ಚು ಓದಿನ ಫಲವಿರಬೇಕು.

ಈಗ ನಾನು ಈ ಸುತ್ತಮುತ್ತಲಿನ ಕ್ಲೌಡ್ ಪ್ರಚಾರಕ. ಯಳಂದೂರಿನಲ್ಲಿ ಒಂದು, ಹನೂರಿನಲ್ಲಿ ಒಂದು ಭಾಷಣ ಆಗಿದೆ. ಹಗೇವಿನಿಂದ ಶುರುಮಾಡಿ ಕುಂಬಳಕಾಯಿಗೆ ಬರುವಷ್ಟರಲ್ಲಿ ಸಭೆ ನನ್ನ ಕೈಯಲ್ಲಿರುತ್ತದೆ. ಬೀರುವಿನಲ್ಲಿ ಈಗ ಊಟದ ಡಬ್ಬಿಯೂ ಛತ್ರಿಯೂ ಇವೆ. ಕಳೆದ ಆಯುಧಪೂಜೆಗೆ ಸಿದ್ದಪ್ಪಣ್ಣ ಕಾಯಿಯನ್ನು ನನ್ನ ಕೈಗೆ ಸಿಗದಂತೆ ಗೇಟಿನಾಚೆ ಒಯ್ದು ಒಡೆದ. ನಾನು ಬಸ್ ನಿಲ್ದಾಣಕ್ಕೆ ಹೋಗಿ ಹೂಗ್ಯಂ ಬಸ್ಸಿಗೆ ಎರಡು ಮಾರು ಚೆಂಡುಹೂವಿನ ಹಾರ ಹಾಕಿಸಿ ಬಂದೆ. ಡ್ರೈವರಿಗೆ ಕಾರಣ ತಿಳಿಯಲಿಲ್ಲ, ಖುಷಿಯಾಗಿ ಹಾರ್ನ್ ಹೊಡೆದ.

ಪ್ರಶ್ನಾವಳಿಗೆ ಮರಳುತ್ತೇನೆ. ಭದ್ರತೆ, ವೆಚ್ಚ, ಮೂಲಸೌಕರ್ಯ, ಆಡಳಿತದ ಬೆಂಬಲ, ಎಲ್ಲಕ್ಕೂ ಪ್ರಾಮಾಣಿಕವಾಗಿ ಗುರುತು ಹಾಕಿದ್ದೇನೆ. ಕೊನೆಯ ಪ್ರಶ್ನೆ ಒಂದೇ ಉಳಿದಿದೆ: 'ನಿಮ್ಮ ಸಂಸ್ಥೆಯಲ್ಲಿ ಅಳವಡಿಕೆಗೆ ಕಾರಣರಾದವರು ಯಾರು?' ಉತ್ತರಕ್ಕೆ ಕುಲಪತಿ, ಪ್ರಾಂಶುಪಾಲ, ತಾಂತ್ರಿಕ ಸಿಬ್ಬಂದಿ ಎಂದು ಚೌಕಗಳಿವೆ. ಅವುಗಳನ್ನು ದಾಟಿ 'ಇತರೆ' ಎಂಬಲ್ಲಿ ಬರೆದೆ: 'ಮಾದೇವಿ, ಹೂಗ್ಯಂ ಬಸ್ಸು, ಕಿಟಕಿ ಪಕ್ಕದ ಸೀಟು.' ಸಹಿ ಹಾಕಿದ ಮೇಲೆ ಆ ಹುಡುಗನನ್ನು ಕರೆದು, ಹಾಳೆಗಳನ್ನು ಕೊಡುವ ಮುಂಚೆ, ಎಂಟಕ್ಕೂ ಫೋಟೋ ತೆಗೆಸಿದೆ. "ಮೊದ್ಲು ಕ್ಲೌಡಿಗೆ ಹಾಕಪ್ಪ, ಆಮೇಲೆ ಬ್ಯಾಗಿಗೆ ಹಾಕು" ಎಂದೆ.