ಹುಂಜ ಊಟ ಬಿಟ್ಟದ್ದು

ಯಂಕಂಚಿಯ ಖಾಜಾಬಿಯವರ ಹುಂಜಕ್ಕೆ ನಾಯಿ ಬಾಯಿ ಹಾಕಿತ್ತು. ರೆಕ್ಕೆಯ ಗಾಯ ತೊಳೆದು ಮುಲಾಮು ಹಚ್ಚಿದೆ. ಉಳಿದ ಕೋಳಿಗಳು ಗಾಯ ಕುಕ್ಕಬಾರದೆಂದು, ‘ಇದನ್ನ ಬುಟ್ಟ್ಯಾಗ ಬ್ಯಾರೆ ಇಡ್ರಿ’ ಎಂದು ಡಾಕ್ಟರ್‌ಗಿರಿ ತೋರಿಸಿ ಬಂದೆ.

ಮೂರನೇ ದಿನ ಅವರ ಫೋನು. ‘ಸಾಹೇಬ್ರ, ಒಂದ ಕಾಳ ತಿನವಲ್ದು. ಸಾಯತೈತ್ರಿ ಇದು.’

ಹೋಗಿ ನೋಡಿದರೆ ಗಾಯ ಒಣಗಿತ್ತು, ಹುಂಜವೂ ಒಣಗಿತ್ತು. ಸಜ್ಜೆ ಸುರಿದೆ, ರೊಟ್ಟಿ ಮುರಿದು ಹಾಕಿದೆ. ಅದು ಕಾಳನ್ನು ಕೊಕ್ಕಿನಲ್ಲಿ ಎತ್ತುವುದು, ಕೊಕ್ ಕೊಕ್ ಅನ್ನುವುದು, ಮತ್ತೆ ಕೆಳಗೆ ಬಿಡುವುದು. ಗಂಟಲೇ ಕೆಟ್ಟಿರಬೇಕೆಂದು ಬಾಯಿ ತೆರೆಯಹೋದೆ. ಕುಕ್ಕಿದ ಏಟಿಗೆ ನನ್ನ ಬೆರಳಲ್ಲಿ ರಕ್ತ ಬಂತು. ತಂದಿದ್ದ ಮುಲಾಮು ನನಗೇ ಆಯಿತು.

ಬಾಗಿಲಲ್ಲಿ ನಿಂತಿದ್ದ ಖಾಜಾಬಿ ಇನ್ನು ತಡೆಯಲಾರದೆ ಅಂದರು: ‘ಗಂಟಲ ಛಲೋ ಐತ್ರಿ. ಹೆಂಡರನ್ನ ಊಟಕ್ಕ ಕರಿಯಾಕತ್ತಾನ ಅಂವ. ಅವು ತಿಂದ ಮ್ಯಾಲೇ ಅಂವ ತಿನ್ನೂದು. ನೀವು ನೋಡಿದ್ರ ಬ್ಯಾರೆ ಇಡ್ರಿ ಅಂದ್ರಿ.’

‘ಅವತ್ತೇ ಹೇಳಬಾರದೇನ್ರಿ ಅವ್ವಾ?’

‘ಡಾಕ್ಟರ್ ನೀವೋ ನಾನೋ?’

ಅವರು ಬುಟ್ಟಿ ಎತ್ತಿ ಎರಡು ಹೇಂಟೆಗಳನ್ನು ಹತ್ತಿರ ಬಿಟ್ಟರು. ಹುಂಜ ಮತ್ತೊಮ್ಮೆ ಕೊಕ್ ಕೊಕ್ ಅಂದಿತು. ಅವು ಬಂದು ನಾಲ್ಕು ಕಾಳು ತಿನ್ನುವವರೆಗೆ ಯಜಮಾನನಂತೆ ನಿಂತು ನೋಡಿ, ಆಮೇಲೆ ತಲೆ ಬಗ್ಗಿಸಿದ್ದು ಸಜ್ಜೆ ಮುಗಿಯುವ ತನಕ ಎತ್ತಲಿಲ್ಲ.

ನಮ್ಮ ಪಶು ದವಾಖಾನೆಯ ರಿಜಿಸ್ಟರಿನಲ್ಲಿ ‘ಕೊಟ್ಟ ಔಷಧ’ ಎಂಬ ಖಾನೆಯನ್ನು ಖಾಲಿ ಬಿಡುವಂತಿಲ್ಲ. ಬ್ಯಾಂಡೇಜು ಸುತ್ತಿದ ಬೆರಳಲ್ಲೇ ಬರೆದೆ: ಹೇಂಟೆ ಎರಡು, ಊಟಕ್ಕೆ ಮುಂಚೆ.