ಯಾರ ಕಾರ್ಡಾದರೂ ಕೂರುವ ಪೆಟ್ಟಿಗೆ

ಬೆಳಗಿನ ಆರು ಗಂಟೆ. ಚೆಂಬೂರಿನ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ಸುಪ್ರಜಾ ಒಬ್ಬರೇ ಕೂತು, ಲೋಹದ ಪೆಟ್ಟಿಗೆಯೊಳಕ್ಕೆ ಎಲೆಕ್ಟ್ರಾನಿಕ್ ಕಾರ್ಡೊಂದನ್ನು ಮೆಲ್ಲಗೆ ತಳ್ಳುತ್ತಿದ್ದಾರೆ. ಕೆಳಗಿನ ಲೇತ್ ಯಂತ್ರಗಳು ಶುರುವಾದರೆ ವೋಲ್ಟೇಜ್ ಏರಿಳಿದು ಅಳತೆ ಕೆಡುತ್ತದೆ. ಅದಕ್ಕೇ ವಡಾಲದಿಂದ ನಸುಕಿನ ಲೋಕಲ್ ರೈಲು ಹಿಡಿದು ಬರುವ ರೂಢಿ.

ಮೈಸೂರು ಮೂಲದ ಈ ಇಂಜಿನಿಯರ್ ದುಡಿಯುತ್ತಿರುವುದು ಯುದ್ಧನೌಕೆಗಳಿಗಾಗಿ. ರೇಡಾರ್ ಒಂದು ಕಂಪನಿಯದು, ರೇಡಿಯೋ ಇನ್ನೊಂದರದು. ಯಾರು ತಯಾರಿಸಿದ್ದೇ ಆಗಲಿ, ಎಲ್ಲದರ ಕಾರ್ಡುಗಳೂ ಒಂದೇ ಪೆಟ್ಟಿಗೆಯಲ್ಲಿ ಕೂತು ಪರಸ್ಪರ ಮಾತಾಡಬೇಕು. ಅಂಥ ವಿನ್ಯಾಸ ಇವರದು.

ಮೊದಲು ಹಾಗಿರಲಿಲ್ಲ. ಎರಡು ಉಪಕರಣಗಳ ನಡುವೆ ದುಭಾಷಿಯಂತೆ ಒಂದು ಡಬ್ಬಿ ಬೇಕಿತ್ತು. ಅದನ್ನು ಕಟ್ಟುವುದರಲ್ಲಿ ಇದೇ ಕಂಪನಿಯ ಹಿರಿಯ, ವಿಜಯಪುರದ ಶಿವಪುತ್ರ ಎತ್ತಿದ ಕೈ. ಹೊಸದಾಗಿ ಸೇರಿದ ಸುಪ್ರಜಾರಿಗೆ ಬೆಸುಗೆ ಕಲಿಸಿದವರೂ ಅವರೇ. "ಆ ಬೆಸುಗೆ ರಾಳದ ಹೊಗೆ, ಪಕ್ಕದಲ್ಲಿ ಅರ್ಧ ಲೋಟದ ಕಟಿಂಗ್ ಚಹಾ, ಅವರ ಗುನುಗು... ಈಗಿನ ಲ್ಯಾಬಲ್ಲಿ ಯಾವ ವಾಸನೆನೂ ಇಲ್ಲ ನೋಡಿ," ಎನ್ನುತ್ತಾರೆ ಸುಪ್ರಜಾ.

ಒಮ್ಮೆ ಸಮುದ್ರದ ಮೇಲಿನ ಪರೀಕ್ಷೆಯಲ್ಲಿ ಡಬ್ಬಿ ಕೈಕೊಟ್ಟಿತು. ರೇಡಾರ್ ಕಂಡದ್ದನ್ನು ನಾವಿಕನೊಬ್ಬ ಪಕ್ಕದ ಕೋಣೆಗೆ ಕೂಗಿ ಹೇಳುತ್ತ ನಿಂತ. ಸಂಜೆಗೆ ಅವನ ಗಂಟಲು ಕಟ್ಟಿತ್ತು. "ಟೆಸ್ಟಲ್ಲಿ ಸರಿ, ನಡೆಯುತ್ತೆ. ನಿಜವಾದ ಯುದ್ಧ ಆಗಿದ್ರೆ ಅಂತ ಅವತ್ತಿಂದ ತಲೇಲಿ ಕೂತ್ಬಿಡ್ತು," ಎನ್ನುತ್ತಾರೆ ಸುಪ್ರಜಾ.

ಡಬ್ಬಿಯೇ ಬೇಡವಾಗುವ ವಿನ್ಯಾಸಕ್ಕೆ ಕೈಹಾಕಿದರು. ಅದು ಗುರುವಿನ ಕೆಲಸಕ್ಕೇ ಕುತ್ತು. ಹೇಳಲು ನಾಲಿಗೆ ಏಳದೆ ಒದ್ದಾಡಿ, ಕೊನೆಗೊಂದು ದಿನ ಕ್ಯಾಂಟೀನಿನಲ್ಲಿ ಹೇಳಿಯೇಬಿಟ್ಟರು. ಶಿವಪುತ್ರ ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, "ನನ್ನ ಡಬ್ಬಿ ಎಲ್ಲೆಲ್ಲಿ ಕೈಕೊಡ್ತೈತಿ ಅಂತ ನನಗಷ್ಟ ಗೊತ್ತೈತಿ, ತಂಗಿ. ಬಾ, ತೋರಸ್ತೀನಿ," ಎಂದರು.

ಪೆಟ್ಟಿಗೆಗೆ ಕಾರ್ಡು ಹೊಂದಬೇಕಾದರೆ ಅದರ ಒಳಗುಟ್ಟು ಬಿಟ್ಟುಕೊಡಬೇಕು; ಅದಕ್ಕೆ ಕಂಪನಿಗಳು ಸುಲಭಕ್ಕೆ ಒಪ್ಪಲಿಲ್ಲ. ವರ್ಷಗಟ್ಟಲೆ ಸಭೆಗಳು, ಜಗಳಗಳು. ಕಡೆಗೂ ಕಳೆದ ಚಳಿಗಾಲದಲ್ಲಿ, ಪೈಪೋಟಿಯ ಕಂಪನಿಯೊಂದರ ಕಾರ್ಡು ಇವರ ಪೆಟ್ಟಿಗೆಯಲ್ಲಿ ಕೂತಿತು. ಪರದೆಯ ಮೇಲೆ ರೇಡಾರಿನ ಚುಕ್ಕೆಗಳು ಮೂಡಿದವು. ಆ ಕಂಪನಿಯ ಇಂಜಿನಿಯರ್ ವಿಜೇತಾ, "ಚಲ್ ಗಯಾ, ಮ್ಯಾಮ್," ನಡೆಯಿತು ಎಂದಷ್ಟೇ ಹಿಂದಿಯಲ್ಲಿ ಹೇಳಿದಳು. ಸುಪ್ರಜಾ ಹೊರಬಂದು, ನಿವೃತ್ತರಾಗಿ ಬೊರಿವಲಿಯಲ್ಲಿರುವ ಶಿವಪುತ್ರರಿಗೆ ಫೋನ್ ಮಾಡಿದರು.

"ಅಂದ್ರ ಇನ್ಮ್ಯಾಲೆ ನನ್ನ ಡಬ್ಬಿ ಬ್ಯಾಡ?"

"ಬೇಡ, ಅಣ್ಣ."

"ಚಲೋ ಆತು ಬಿಡು," ಎಂದರು.

ಪೆಟ್ಟಿಗೆ ಈ ವರ್ಷ ಹಡಗು ಸೇರಲಿದೆ. ಸುಪ್ರಜಾ ಈಗ ಹಡಗಿನೊಳಕ್ಕೆ ಹೋಗುವ ಪಾಸಿಗಾಗಿ ಓಡಾಡುತ್ತಿದ್ದಾರೆ, ತಮಗಲ್ಲ, ಶಿವಪುತ್ರರಿಗಾಗಿ. "ಜೀವಮಾನವೆಲ್ಲ ಹಡಗಿಗೆ ಅಂತ ಡಬ್ಬಿ ಕಟ್ಟಿದ್ರು. ಒಂದು ಸಲನೂ ಹಡಗು ಹತ್ತಿಲ್ಲ ಅವರು. ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಬೇಕು."